ಎಲೆಕ್ಟ್ರಾನಿಕ್ ಮ್ಯೂಸಿಕ್‌ನಿಂದ ಸಿನಿಮಾ ಹಿನ್ನೆಲೆ ಸಂಗೀತಕ್ಕೆ: ನಮ್ಮ ಸೌಂಡ್ ಒಂದೇ ಸಾಕಾ, ಮೊದಲಿಂದ ಕಲಿಯಬೇಕಾ?

ಪ್ಯಾಚ್‌ಕೇಬಲ್:

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಟೆಕ್ನೊ, ಆಂಬಿಯೆಂಟ್ ಮಾಡುತ್ತಿದ್ದೇನೆ. ಸ್ವಂತ ಆಲ್ಬಂಗಳಿವೆ, ಕೇಳುವವರೂ ಒಂದಷ್ಟು ಜನ ಇದ್ದಾರೆ. ಈಗ ಒಬ್ಬ ಡೈರೆಕ್ಟರ್ ನನ್ನ ಟ್ರ್ಯಾಕ್ ಒಂದನ್ನು ಕೇಳಿ, "ನಮ್ಮ ಶಾರ್ಟ್ ಫಿಲ್ಮಿಗೆ ಹಿನ್ನೆಲೆ ಸಂಗೀತ ಮಾಡಿಕೊಡ್ತೀರಾ?" ಅಂತ ಕೇಳಿದ್ದಾರೆ. ಖುಷಿಯೂ ಆಯಿತು, ಭಯವೂ ಆಯಿತು.

ನನಗೆ ಸ್ವರಲಿಪಿ ಓದಲು ಬರಲ್ಲ, ಆರ್ಕೆಸ್ಟ್ರಾ ಗಂಧಗಾಳಿಯೂ ಇಲ್ಲ. ಆದರೆ ಜಂಕಿ ಎಕ್ಸ್‌ಎಲ್, ಟ್ರೆಂಟ್ ರೆಜ್ನರ್, ಡೇನಿಯಲ್ ಲೊಪಾಟಿನ್ ಇವರೆಲ್ಲ ಕ್ಲಬ್ಬು, ಬ್ಯಾಂಡು, ಆಲ್ಬಂ ಕಡೆಯಿಂದಲೇ ಬಂದವರು ಅಲ್ವಾ? ಇವರು ಹೇಗೆ ದಾಟಿದರು? ನಮ್ಮದೇ ಸೌಂಡ್ ಇಟ್ಟುಕೊಂಡು ಹೋದರೆ ನಡೆಯುತ್ತದಾ, ಇಲ್ಲಾ ಎಲ್ಲ ಬಿಟ್ಟು ಅ ಆ ಇ ಈಯಿಂದ ಶುರು ಮಾಡಬೇಕಾ? ಗೊತ್ತಿರುವವರು ಬಿಡಿಸಿ ಹೇಳಿ.

ಮೂರನೇರೀಲ್:

ನೀವು ಹೇಳಿದ ಮೂವರಲ್ಲಿ ಮೊದಲನೆಯವರ ಕಥೆ ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಜಂಕಿ ಎಕ್ಸ್‌ಎಲ್ ಅಂದರೆ ಟಾಮ್ ಹೋಲ್ಕೆನ್‌ಬೋರ್ಗ್, ನೆದರ್ಲೆಂಡ್ಸ್‌ನವರು. 2002ರಲ್ಲಿ ಎಲ್ವಿಸ್ ಪ್ರೀಸ್ಲಿಯ ಹಳೇ ಹಾಡೊಂದರ ರೀಮಿಕ್ಸ್ ಮಾಡಿದರು. ಫುಟ್‌ಬಾಲ್ ವಿಶ್ವಕಪ್ ಸಮಯದ ಒಂದು ಜಾಹೀರಾತಿಗೆ ಅಂತ ಮಾಡಿದ್ದು. ಅದು ಹಲವು ದೇಶಗಳಲ್ಲಿ ನಂಬರ್ ಒನ್ ಆಯಿತು. ಅಂಥ ಹಿಟ್ ಕೊಟ್ಟವರು ಏನು ಮಾಡುತ್ತಾರೆ? ದೊಡ್ಡ ದೊಡ್ಡ ಫೆಸ್ಟಿವಲ್ ಸ್ಟೇಜ್‌ಗಳಲ್ಲಿ ಆರಾಮಾಗಿ ಇರಬಹುದಿತ್ತು. ಇವರು ಲಾಸ್ ಏಂಜಲೀಸ್‌ಗೆ ಹೋಗಿ ಬೇರೆ ಸಂಗೀತ ನಿರ್ದೇಶಕರ ಕೈಕೆಳಗೆ ಕೆಲಸಕ್ಕೆ ನಿಂತರು. ಮೊದಲು ಹ್ಯಾರಿ ಗ್ರೆಗ್ಸನ್-ವಿಲಿಯಮ್ಸ್ ಜೊತೆ, ಆಮೇಲೆ ಹ್ಯಾನ್ಸ್ ಜಿಮ್ಮರ್ ಜೊತೆ. ದಿ ಡಾರ್ಕ್ ನೈಟ್ ರೈಸಸ್ (2012), ಮ್ಯಾನ್ ಆಫ್ ಸ್ಟೀಲ್ (2013) ಎರಡರಲ್ಲೂ ಅವರದು 'ಹೆಚ್ಚುವರಿ ಸಂಗೀತ' ಅನ್ನುವ ಸಾಲಿನ ಹೆಸರು. ಅವರೇ ಸಂಗೀತ ಮಾಡಿದ ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್ ಬಂದದ್ದು 2015ರಲ್ಲಿ. ಲೆಕ್ಕ ಹಾಕಿ, ರೀಮಿಕ್ಸ್ ಹಿಟ್ ಆಗಿ 13 ವರ್ಷ.

ಆ ವರ್ಷಗಳಲ್ಲಿ ಅವರು ಹೊಸ ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಕಲಿತದ್ದಲ್ಲ, ಅದು ಮೊದಲೇ ಬರುತ್ತಿತ್ತು. ಕಲಿತದ್ದು ಚಿತ್ರಕ್ಕೆ ಬರೆಯುವುದನ್ನು. ನಮ್ಮಂಥವರಿಗೆ ಕಷ್ಟ ಎಲ್ಲಿ ಅಂತ ಒಂದು ಲೆಕ್ಕದಲ್ಲೇ ಹೇಳುತ್ತೇನೆ. 128 ಬಿಪಿಎಂನಲ್ಲಿ (ನಿಮಿಷಕ್ಕೆ 128 ಬೀಟ್) 32 ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಬಿಲ್ಡ್-ಅಪ್, ಅಂದರೆ ಬಿಗಿ ಏರಿಸುತ್ತಾ ಹೋಗುವ ಭಾಗ, ಸರಿಯಾಗಿ ಒಂದು ನಿಮಿಷ. ಕ್ಲಬ್ಬಿನಲ್ಲಿ ಅದು ಏನೂ ಅಲ್ಲ, ಜನ ಕಾಯುತ್ತಾರೆ. ಸಿನಿಮಾದಲ್ಲಿ ಆ ಪಾತ್ರ ಮೆಟ್ಟಿಲು ಹತ್ತಿ ಬಾಗಿಲು ತೆಗೆಯುವುದಕ್ಕೆ 19 ಸೆಕೆಂಡ್ ಇರುತ್ತದೆ, ಅದರಲ್ಲಿ ಏಳು ಸೆಕೆಂಡ್ ಮಾತಿರುತ್ತದೆ. ನಿಮ್ಮ ಡ್ರಾಪ್ (ಬಿಲ್ಡ್-ಅಪ್ ಮುಗಿದು ಬೀಟ್ ಜೋರಾಗಿ ಬೀಳುವ ಜಾಗ) ಬರುವಷ್ಟರಲ್ಲಿ ಸೀನ್ ಮುಗಿದು ಮುಂದಿನದು ಅರ್ಧ ಆಗಿರುತ್ತದೆ.

ಇನ್ನೊಂದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್. 120 ಬಿಪಿಎಂನಲ್ಲಿ ಒಂದು ಬೀಟ್ ಅಂದರೆ 12 ಫ್ರೇಮ್, ನೋಡಲು ಎಷ್ಟು ಚೆಂದ. ನೀವು ಕ್ಯೂ (ಒಂದು ಸೀನಿನ ಸಂಗೀತದ ತುಣುಕು) ಮುಗಿಸಿ ಕಳಿಸಿದ ಮೇಲೆ ಎಡಿಟರ್ ಒಂದು ಶಾಟ್‌ನಿಂದ 14 ಫ್ರೇಮ್ ಕತ್ತರಿಸುತ್ತಾರೆ. ನೋಡುವವರಿಗೆ ಗೊತ್ತೇ ಆಗಲ್ಲ. ನಿಮ್ಮ ಪ್ರಾಜೆಕ್ಟಿನಲ್ಲಿ ಮಾತ್ರ ಅಲ್ಲಿಂದ ಮುಂದಿನದೆಲ್ಲ ಒಂದು ಬೀಟ್ ಮತ್ತು ಎರಡು ಫ್ರೇಮ್ ತಡ. ಬಾಗಿಲು ಬಡಿದ ಮೇಲೆ ಕಿಕ್ ಡ್ರಮ್ ಬೀಳುತ್ತದೆ. ಆಗ ಎಲ್ಲೋ ಮಾತಿನ ಅಡಿಯಲ್ಲಿರುವ ಒಂದು ಬಾರನ್ನು ಮೂರು ಬೀಟಿಗೆ ಇಳಿಸಬೇಕು. ಉಳಿದ ಎರಡು ಫ್ರೇಮಿಗೆ ಮುಂದಿನ ಕೆಲವು ಬಾರ್‌ಗಳ ಟೆಂಪೊ ಒಂಚೂರು ಏರಿಸಬೇಕು. ಇದನ್ನು ಒಂದು ಸಿನಿಮಾದಲ್ಲಿ ಹತ್ತಾರು ಸಲ, ಮುಖ ಸಿಂಡರಿಸದೆ ಮಾಡಬೇಕು. ಡೈರೆಕ್ಟರ್‌ಗಳು ಎರಡನೇ ಸಲ ಕರೆಯುವುದು ಇಂಥವರನ್ನೇ.

ಅನಲಾಗ್‌ಪ್ರೇಮಿ:

ರೀಲ್ ಸರ್, ಹೊಸಬರನ್ನು ಹೀಗೆ ಹೆದರಿಸಬೇಡಿ! ನೀವು ಹೇಳಿದ್ದು ಒಂದು ದಾರಿ ಅಷ್ಟೇ. ಇತಿಹಾಸದ ತುಂಬ ಬೇರೆ ದಾರಿಯವರೇ ಜಾಸ್ತಿ.

ಟ್ಯಾಂಜರೀನ್ ಡ್ರೀಮ್ ಅನ್ನುವ ಎಲೆಕ್ಟ್ರಾನಿಕ್ ಬ್ಯಾಂಡ್ ತಗೊಳ್ಳಿ. ವಿಲಿಯಂ ಫ್ರೀಡ್ಕಿನ್ ಅವರ ಸಾರ್ಸರರ್ (1977) ಸಿನಿಮಾಕ್ಕೆ ಅವರು ಒಂದು ಫ್ರೇಮೂ ನೋಡದೆ, ಸ್ಕ್ರಿಪ್ಟ್ ಇಟ್ಟುಕೊಂಡು ಸಂಗೀತ ಮಾಡಿ ಟೇಪ್ ಕಳಿಸಿದರು. ಡೈರೆಕ್ಟರೇ ಅದಕ್ಕೆ ಹೊಂದಿಸಿ ಎಡಿಟ್ ಮಾಡಿದರು. ಎಲ್ಲಿ ಬಂತು 14 ಫ್ರೇಮು? ಜಾರ್ಜಿಯೊ ಮೊರೊಡರ್ ಗಾಯಕಿ ಡಾನ್ನಾ ಸಮ್ಮರ್ ಜೊತೆ 1977ರಲ್ಲಿ ಮಾಡಿದ ಸಿಂಥ್ ಡಿಸ್ಕೊ ಹಾಡು ಕೇಳಿ ಡೈರೆಕ್ಟರ್ ಅಲನ್ ಪಾರ್ಕರ್ ಮನಸೋತರು, ಅದೇ ಥರದ್ದು ಬೇಕು ಅಂತ ಕರೆದರು. ಮಿಡ್‌ನೈಟ್ ಎಕ್ಸ್‌ಪ್ರೆಸ್ (1978) ಆಯಿತು, ಆಸ್ಕರ್ ಬಂತು. ವಾಂಗೆಲಿಸ್ ಅವರಿಗೂ ಸ್ವರಲಿಪಿ ಬರುತ್ತಿರಲಿಲ್ಲ. ಪರದೆ ನೋಡುತ್ತಾ ಸಿಎಸ್-80 ಸಿಂಥ್ ಮುಂದೆ ಕೂತು ನುಡಿಸುತ್ತಿದ್ದರು. ಚ್ಯಾರಿಯಟ್ಸ್ ಆಫ್ ಫೈರ್ (1981) ಅವರಿಗೆ ಆಸ್ಕರ್ ಕೊಟ್ಟಿತು, ಮರುವರ್ಷವೇ ಬ್ಲೇಡ್ ರನ್ನರ್‌ಗೂ ಸಂಗೀತ ಮಾಡಿದರು.

ಪ್ಯಾಚ್‌ಕೇಬಲ್, ನಿಮ್ಮ ಟ್ರ್ಯಾಕ್ ಕೇಳಿಯೇ ಅಲ್ವಾ ಅವರು ಬಂದದ್ದು? ಅದನ್ನೇ ಕೊಡಿ. ಸುಮ್ನೆ ವಯಲಿನ್ ಸ್ಯಾಂಪಲ್ ಲೈಬ್ರರಿ ತಗೊಂಡು ಎಲ್ಲರ ಥರ ಆಗಬೇಡಿ.

ಮೂರನೇರೀಲ್:

ವಾಂಗೆಲಿಸ್ ಪರದೆ ನೋಡುತ್ತಾ ನುಡಿಸುತ್ತಿದ್ದರು ಅಂತ ನೀವೇ ಬರೆದಿರಿ. ನಾನು ಹೇಳಿದ್ದೂ ಅದನ್ನೇ! ಲಿಪಿ ಬೇಕು ಅಂತ ನಾನೆಲ್ಲೂ ಹೇಳಿಲ್ಲ. ಕಣ್ಣು ಚಿತ್ರದ ಮೇಲಿರಬೇಕು ಅಂದೆ.

ಸಾರ್ಸರರ್ ಥರ ಡೈರೆಕ್ಟರ್ ನಿಮ್ಮ ಸಂಗೀತಕ್ಕೆ ಎಡಿಟ್ ಮಾಡಿದರೆ ಅದು ಲಾಟರಿ. ಅದೇ ಹಾಲಿವುಡ್ಡಿನಲ್ಲಿ ವೆಂಡಿ ಕಾರ್ಲೋಸ್‌ಗೆ ಆದದ್ದೂ ನೋಡಿ. 1968ರಲ್ಲಿ ಮೂಗ್ ಸಿಂಥಸೈಜರ್‌ನಲ್ಲಿ ಬಾಖ್ ನುಡಿಸಿ ಜಗತ್ತನ್ನೇ ಬೆರಗುಗೊಳಿಸಿದವರು, ಡೈರೆಕ್ಟರ್ ಕ್ಯೂಬ್ರಿಕ್ ಜೊತೆ ಒಂದು ಸಿನಿಮಾ ಆಗಲೇ ಮಾಡಿದ್ದವರು. ಆದರೂ ಕ್ಯೂಬ್ರಿಕ್ ಅವರದೇ ದಿ ಶೈನಿಂಗ್ (1980) ಬಂದಾಗ ಕಾರ್ಲೋಸ್ ಮತ್ತು ಅವರ ಜೊತೆಗಾರ್ತಿ ರೇಚಲ್ ಎಲ್ಕೈಂಡ್ ಮಾಡಿದ್ದರಲ್ಲಿ ಬಹುಪಾಲು ಪರದೆಗೆ ಬರಲೇ ಇಲ್ಲ. ಲಿಗೆಟಿ, ಪೆಂಡೆರೆಟ್ಸ್ಕಿ, ಬಾರ್ಟೋಕ್ ಅವರ ಹಳೇ ರೆಕಾರ್ಡಿಂಗ್‌ಗಳು ಉಳಿದವು. ಹೋಲ್ಕೆನ್‌ಬೋರ್ಗ್‌ಗೂ ತಪ್ಪಲಿಲ್ಲ. ಜಸ್ಟಿಸ್ ಲೀಗ್ (2017) ಡೈರೆಕ್ಟರ್ ಸ್ನೈಡರ್ ಜಾಗಕ್ಕೆ ಬೇರೆಯವರು ಬಂದಾಗ ಇವರೂ ಹೋದರು, ಸಂಗೀತಕ್ಕೆ ಡ್ಯಾನಿ ಎಲ್ಫ್‌ಮನ್ ಬಂದರು. 2021ರಲ್ಲಿ ಸ್ನೈಡರ್ ಅವರ ನಾಲ್ಕು ಗಂಟೆಯ ಆವೃತ್ತಿಗೆ ಮತ್ತೆ ಇವರನ್ನೇ ಕರೆದರು.

ಆಲ್ಬಂ ಮಾಡುವವರಿಗೆ ಇದೇ ನುಂಗಲಾರದ ತುತ್ತು. ಆಲ್ಬಂನಲ್ಲಿ ಕೊನೇ ಮಾತು ನಮ್ಮದು. ಇಲ್ಲಿ ಅಲ್ಲ. ಎಷ್ಟೋ ಒಳ್ಳೆಯ ಎಲೆಕ್ಟ್ರಾನಿಕ್ ಕಲಾವಿದರು ಒಂದೇ ಸಿನಿಮಾಗೆ ಕೈಮುಗಿದು ವಾಪಸ್ ಹೋಗಿದ್ದು ಇದಕ್ಕೇ ಅಂತ ನನ್ನ ಅಂದಾಜು.

ಕ್ಯೂಶೀಟ್:

ಇಬ್ಬರ ಜಗಳದ ಮಧ್ಯೆ ರೆಜ್ನರ್ ಕಳೆದೇ ಹೋದರು ನೋಡಿ. ನನಗೆ ಅವರ ಉದಾಹರಣೆಯೇ ಎಲ್ಲಕ್ಕಿಂತ ಉಪಯೋಗದ್ದು ಅನ್ನಿಸುತ್ತದೆ.

ಅವರ ಬ್ಯಾಂಡ್ ನೈನ್ ಇಂಚ್ ನೇಲ್ಸ್ 2008ರಲ್ಲೇ ಹಾಡಿಲ್ಲದ, ಬರೀ ವಾದ್ಯದ ದೊಡ್ಡ ಆಲ್ಬಂ ಹೊರತಂದಿತ್ತು. ಅಂದರೆ ಸಿನಿಮಾ ಬರುವ ಮೊದಲೇ, ದನಿ ಮುಂದೆ ಬಾರದೆ ಹಿಂದೆ ಇರುವ ಸಂಗೀತದ ಅಭ್ಯಾಸ ಆಗಿತ್ತು. ದಿ ಸೋಶಿಯಲ್ ನೆಟ್‌ವರ್ಕ್ (2010) ಸಿನಿಮಾಕ್ಕೆ ಸಂಗೀತ ಮಾಡಿಕೊಡಿ ಅಂತ ಕೇಳಿದಾಗ ರೆಜ್ನರ್ ಮೊದಲು ಆಗಲ್ಲ ಅಂದಿದ್ದರು, ಆಮೇಲೆ ಅಟಿಕಸ್ ರಾಸ್ ಜೊತೆ ಒಪ್ಪಿಕೊಂಡರು. ಅದರ ಮೊದಲ ಥೀಮ್ ಕೇಳಿ. ಕೆಳಗೆ ಗುಂಯ್‌ಗುಡುವ ಒಂದು ಎಲೆಕ್ಟ್ರಾನಿಕ್ ಪದರ, ಮೇಲೆ ಪಿಯಾನೊದ ಕೆಲವೇ ಸ್ವರ. ಅದೇ ಪಿಯಾನೊ ಸಿನಿಮಾದಲ್ಲಿ ಮುಂದೆ ಮತ್ತೆ ಬರುವಾಗ ಮೈಕ್‌ನಿಂದ ಇನ್ನೂ ದೂರ ಇಟ್ಟಂತೆ ಕೇಳುತ್ತದೆ. ಸ್ವರ ಅವೇ, ಆದರೆ ಕಥಾನಾಯಕ ಹುಡುಗ ಒಂಟಿಯಾಗುತ್ತಾ ಹೋಗಿದ್ದು ಮೈಕಿನ ದೂರದಲ್ಲಿ ಗೊತ್ತಾಗುತ್ತದೆ. ಇದು ಸ್ಟುಡಿಯೊದಲ್ಲಿ ಬೆಳೆದವರ ಯೋಚನೆ. ಲಿಪಿಯಲ್ಲಿ ಬರೆಯುವವರಿಗೆ ಇಷ್ಟು ಸುಲಭಕ್ಕೆ ಹೊಳೆಯಲ್ಲ. ಹಾಗಾಗಿ ಅನಲಾಗ್‌ಪ್ರೇಮಿ ಹೇಳಿದ್ದು ಪೂರ್ತಿ ತಪ್ಪಲ್ಲ.

ಆದರೆ ಮಿಕ್ಸಿಂಗ್ ವಿಷಯ ಯಾರೂ ಎತ್ತಲಿಲ್ಲ. ನಾವು ಸಿಂಥ್ ಲೀಡ್ (ಮುಖ್ಯ ರಾಗದ ದನಿ) ಇಡುವ ಜಾಗ ಇದೆಯಲ್ಲ, ಒಂದರಿಂದ ನಾಲ್ಕು ಕಿಲೋಹರ್ಟ್ಸ್, ಅಲ್ಲೇ ಮಾತಿನ ಸ್ಪಷ್ಟತೆ ಕೂತಿರುವುದು. ಎರಡೂ ಒಟ್ಟಿಗೆ ಬಂದರೆ ಮಿಕ್ಸ್ ಮಾಡುವವರು ಇಳಿಸುವುದು ಸಂಗೀತವನ್ನೇ, ಮಾತನ್ನಲ್ಲ. ಅದಕ್ಕೇ ಒಂದೇ ಸ್ಟೀರಿಯೊ ಫೈಲ್ ಕಳಿಸಬೇಡಿ. ತಾಳದ್ದು ಬೇರೆ, ಬಾಸ್ ಬೇರೆ, ಪ್ಯಾಡ್ (ಹಿಂದೆ ಎಳೆದು ನಿಲ್ಲುವ ದನಿ) ಬೇರೆ, ಲೀಡ್ ಬೇರೆ ಸ್ಟೆಮ್ (ಪ್ರತ್ಯೇಕ ಫೈಲ್) ಮಾಡಿ ಕೊಡಿ. ಆಗ ಲೀಡ್ ಒಂದನ್ನೇ ತಗ್ಗಿಸಿ ಉಳಿದದ್ದನ್ನು ಹಾಗೇ ಬಿಡುತ್ತಾರೆ. ಮಾಸ್ಟರ್ ಚಾನೆಲ್ ಮೇಲಿನ ಲಿಮಿಟರ್ ದಯವಿಟ್ಟು ತೆಗೆಯಿರಿ. ಜೋರು ಮಾಡುವ ಕೆಲಸ ಅಲ್ಲಿ ನಮ್ಮದಲ್ಲ.

ದುಡ್ಡಿನದೂ ಹೇಳಿಬಿಡುತ್ತೇನೆ. ಆಲ್ಬಂನ ಹಕ್ಕು ನಿಮ್ಮ ಹತ್ತಿರ ಇರಬಹುದು, ಸಿನಿಮಾ ಸಂಗೀತ ಸಾಮಾನ್ಯವಾಗಿ ನಿರ್ಮಾಪಕರ ಪಾಲು. ಬರೆದವರ ಪಾಲಿನ ರಾಯಲ್ಟಿ ಉಳಿಯಬೇಕಾದರೆ ಒಪ್ಪಂದದಲ್ಲಿ ಅದು ಸ್ಪಷ್ಟವಾಗಿ ಇರಬೇಕು, ಯಾವ ಕ್ಯೂ ಎಷ್ಟು ಸೆಕೆಂಡ್ ಬಂತು ಅನ್ನುವ ಕ್ಯೂ ಶೀಟ್ ಸರಿಯಾಗಿ ಸಲ್ಲಿಕೆ ಆಗಿರಬೇಕು. ಅದೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಥಿಯೇಟರ್‌ಗಳು ಸಿನಿಮಾದೊಳಗಿನ ಸಂಗೀತಕ್ಕೆ ಪ್ರದರ್ಶನದ ರಾಯಲ್ಟಿ ಕೊಡುವುದೇ ಇಲ್ಲ, ಯುರೋಪಿನಲ್ಲಿ ಕೊಡುತ್ತಾರೆ. ಇನ್ನು ಸೌಂಡ್‌ಟ್ರ್ಯಾಕ್ ಆಲ್ಬಂ ತಾನಾಗೇ ಬರುತ್ತದೆ ಅಂದುಕೊಳ್ಳಬೇಡಿ. ಬ್ಲೇಡ್ ರನ್ನರ್‌ನ ವಾಂಗೆಲಿಸ್ ಆಲ್ಬಂ ಅಂಗಡಿಗೆ ಬಂದದ್ದು 1994ರಲ್ಲಿ, ಸಿನಿಮಾ ಬಂದು 12 ವರ್ಷದ ಮೇಲೆ!

ಪ್ಯಾಚ್‌ಕೇಬಲ್:

ಅಬ್ಬಾ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಸಂದೇಹ. ಡೈರೆಕ್ಟರ್ ಕಳಿಸಿದ ಕಟ್‌ನಲ್ಲಿ ಆಗಲೇ ಟೆಂಪ್ ಮ್ಯೂಸಿಕ್ (ಸದ್ಯಕ್ಕೆ ಇಟ್ಟ ತಾತ್ಕಾಲಿಕ ಸಂಗೀತ) ಹಾಕಿದ್ದಾರೆ, ಅದರಲ್ಲಿ ಅರ್ಧ ನನ್ನದೇ ಹಳೇ ಟ್ರ್ಯಾಕು! ಈಗ ನನ್ನನ್ನೇ ನಾನು ಕಾಪಿ ಹೊಡೆಯಬೇಕಾ?

ಮೂರನೇರೀಲ್:

ಹಹ್ಹ, ಇದು ಬಹಳ ಜನಕ್ಕೆ ಬರುವ ಪಜೀತಿ. ಮೊದಲ ಸಲ ಸಂಗೀತ ಮ್ಯೂಟ್ ಮಾಡಿ ನೋಡಿ. ಟೆಂಪ್ ಬೇರೆ ಟ್ರ್ಯಾಕ್‌ನಲ್ಲಿ ಇರದಿದ್ದರೆ, ಮಾತು ಮಾತ್ರ ಇರುವ ಫೈಲ್ ಕೇಳಿ ತರಿಸಿಕೊಳ್ಳಿ. ಎಲ್ಲಿ ಸಂಗೀತ ಬೇಡ ಅನ್ನಿಸಿತೋ ಅದನ್ನೂ ಬರೆದಿಟ್ಟುಕೊಳ್ಳಿ. ಅದಾದ ಮೇಲೆ ಟೆಂಪ್ ಕೇಳಿ, ಡೈರೆಕ್ಟರ್ ಜೊತೆ ಕೂತು "ಇಲ್ಲಿ ಇದು ಯಾಕೆ ಇಷ್ಟ ಆಯ್ತು?" ಅಂತ ಒಂದೊಂದೇ ಕೇಳಿ. ವೇಗ ಇಷ್ಟ ಆಗಿರಬಹುದು, ಬಾಸ್ ಇರಬಹುದು, ಕೆಲವೊಮ್ಮೆ ಶುರುವಾಗುವ ಜಾಗ ಮಾತ್ರ ಇಷ್ಟ ಆಗಿರುತ್ತದೆ. ಅದೊಂದನ್ನು ಉಳಿಸಿಕೊಂಡು ಉಳಿದದ್ದು ಹೊಸದಾಗಿ ಮಾಡಬಹುದು.

ಕ್ಯೂಶೀಟ್:

ಆ ಹಳೇ ಟ್ರ್ಯಾಕ್ ಹಾಗೇ ಸಿನಿಮಾದಲ್ಲಿ ಉಳಿಯುವುದಾದರೆ ಅದು ಬೇರೆ ವ್ಯವಹಾರ. ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಆಗಬೇಕು, ಹೊಸ ಸಂಗೀತದ ಒಪ್ಪಂದದೊಳಗೆ ಸೇರಿಸಲು ಬಿಡಬೇಡಿ. ಲೇಬಲ್ ಮೂಲಕ ಬಂದ ಟ್ರ್ಯಾಕ್ ಆಗಿದ್ದರೆ ಮೊದಲು ಅವರನ್ನು ಕೇಳಿ.

ಅನಲಾಗ್‌ಪ್ರೇಮಿ:

ಮುಗಿದ ಮೇಲೆ ಲಿಂಕ್ ಹಾಕಿ, ಕೇಳ್ತೀವಿ. ರೀಲ್ ಸರ್ ಫ್ರೇಮ್ ಎಣಿಸಲಿ, ನಾನು ಫಿಲ್ಟರ್ ಸ್ವೀಪ್ ಹೇಗಿದೆ ಅಂತ ನೋಡ್ತೀನಿ.