ಸೊಂಟದ ಶಾನುಭೋಗ

“ಹೊಟ್ಟೆ ಕೊಯ್ದು ಒಳಗೆ ಇಟ್ಟಿದ್ದಾರಂತೆ, ಹೌದೇನೋ ಸೀನ?” ಎಂದು ಗಿರಿ ಕೇಳಿದ. ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದೆವು. ಹಸಿದವರಿಗೆ ಇಂಥ ಪ್ರಶ್ನೆಗಳೇ ಹೊಳೆಯುವುದು.

ಸೀನ ಶಲ್ಯ ಸರಿಸಿ ತೋರಿಸಿದ. ಪಂಚೆಗೆ ಜೇಬಿಲ್ಲ, ಬೆಲ್ಟಿಲ್ಲ. ಹಾಗಾಗಿ ಇನ್ಸುಲಿನ್ ಪಂಪನ್ನು ಬೆಳ್ಳಿ ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದ. ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿ. ಅದರಿಂದ ಹೊರಟ ತೆಳು ಕೊಳವೆ ಹೊಟ್ಟೆಗೆ ಅಂಟಿಸಿದ ಪಟ್ಟಿಯೊಳಗೆ ಹೋಗಿತ್ತು.

“ಕೊಯ್ದಿಲ್ಲ ಮಾರಾಯ. ಚರ್ಮದ ಕೆಳಗೆ ಮೆತ್ತನೆಯ ಪುಟ್ಟ ನಳಿಕೆ, ಅಷ್ಟೇ. ಎರಡು ಮೂರು ದಿನಕ್ಕೊಮ್ಮೆ ನಾನೇ ಕಿತ್ತು ಬೇರೆ ಜಾಗದಲ್ಲಿ ಹಾಕಿಕೊಳ್ಳುತ್ತೇನೆ. ಪಟ್ಟಿ ಕೀಳುವಾಗ ಹೊಟ್ಟೆಯ ಕೂದಲೂ ಬರುತ್ತದೆ ನೋಡು, ಸೂಜಿಗಿಂತ ಅದೇ ಉರಿ.”

ಸೀನನಿಗೆ ಟೈಪ್ 1. ಹೈಸ್ಕೂಲಿನಿಂದ ಚುಚ್ಚಿಕೊಳ್ಳುತ್ತಾ ಬಂದವನು. ಗಿರಿಗೆ ಟೈಪ್ 2, ಮಾತ್ರೆ ಗಿರಾಕಿ. ಎರಡಕ್ಕೂ ಸಕ್ಕರೆ ಕಾಯಿಲೆ ಅನ್ನುವುದರಿಂದ ಗಿರಿ ತನ್ನನ್ನು ಸೀನನ ಸಹೋದ್ಯೋಗಿ ಎಂದೇ ತಿಳಿದಿದ್ದಾನೆ. ಸೀನನ ಮೈ ಇನ್ಸುಲಿನ್ ತಯಾರಿಸುವುದಿಲ್ಲ. ಗಿರಿಯ ಮೈ ತಯಾರಿಸುತ್ತದೆ, ಆದರೆ ಅದರ ಮಾತು ಕೇಳುವುದಿಲ್ಲ. ಗಿರಿ ಮನೆಯಲ್ಲೂ ಹಾಗೇ ಬಿಡಿ.

“ಮೊದಲು ದಿನಕ್ಕೆ ನಾಲ್ಕು ಚುಚ್ಚು ಇತ್ತು” ಎಂದ ಸೀನ. “ರಾತ್ರಿ ಒಂದು, ಅದು 24 ಗಂಟೆ ನಿಧಾನಕ್ಕೆ ಕೆಲಸ ಮಾಡುವಂಥದ್ದು. ತಿಂಡಿ, ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ನೊಂದು. ಮದುವೆಗೆ ಬಂದರೆ ಫಜೀತಿ. ಮೊದಲ ಪಂಕ್ತಿ ಸಿಗುತ್ತದೆ ಅಂತ ನಂಬಿ ಬಚ್ಚಲಿಗೆ ಹೋಗಿ ಚುಚ್ಚಿಕೊಂಡು ಬಂದರೆ, ಅಷ್ಟರಲ್ಲಿ ಬೀಗರ ಕಡೆಯವರು ಕೂತುಬಿಟ್ಟಿರುತ್ತಾರೆ. ಅನ್ನ ಇಲ್ಲ, ಇನ್ಸುಲಿನ್ ಮಾತ್ರ ಒಳಗೆ ಓಡುತ್ತಿದೆ. ಸಕ್ಕರೆ ಇಳಿದು ಕೈ ನಡುಕ, ಬೆವರು. ಒಂದು ಸಲ ಗಂಧದ ಬಟ್ಟಲಿನ ಪಕ್ಕ ಇಟ್ಟಿದ್ದ ಕಲ್ಲುಸಕ್ಕರೆ ಅಷ್ಟೂ ಬಾಚಿ ತಿಂದಿದ್ದೆ.”

“ಅದು ನೀನಾ? ಎಲ್ಲರೂ ನನ್ನ ಮುಖ ನೋಡಿದರಲ್ಲೋ!” ಎಂದ ಗಿರಿ.

“ಈಗ ಆ ರಗಳೆ ಇಲ್ಲ. ಜಾಗ ಸಿಕ್ಕಿ, ಎಲೆ ತುದಿಗೆ ಉಪ್ಪು ಬಿದ್ದ ಮೇಲೆ ಬಟನ್ ಒತ್ತಿದರೆ ಆಯಿತು. ಕೋಸಂಬರಿ, ಪಲ್ಯ ಮುಗಿದು ಅನ್ನ ಬರುವಷ್ಟರಲ್ಲಿ ಇನ್ಸುಲಿನ್ ಕೆಲಸಕ್ಕೆ ಇಳಿದಿರುತ್ತದೆ. ಎರಡನೇ ಸಲ ಪಾಯಸ ಬಂದರೆ ಇನ್ನೊಂದು ಸಲ ಒತ್ತು.”

ಗಣಿತದ ಮೇಷ್ಟ್ರು ಇಷ್ಟು ಹೊತ್ತು ಸುಮ್ನೆ ಇದ್ದದ್ದೇ ಹೆಚ್ಚು. “ರಾತ್ರಿಯ ನಿಧಾನದ್ದು ಏನಾಯಿತಪ್ಪ?”

“ಅದು ಬೇಡ ಮೇಷ್ಟ್ರೇ. ಪಂಪಿನಲ್ಲಿರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಒಂದೇ. ಅದನ್ನೇ ಹನಿ ಹನಿಯಾಗಿ ಹಗಲೂ ರಾತ್ರಿ ಬಿಡುತ್ತದೆ. ನನಗೆ ಬೆಳಗಿನ ಜಾವ ಏನೂ ತಿನ್ನದೆ ಸಕ್ಕರೆ ಏರುತ್ತದೆ. ಆ ಹೊತ್ತಿಗೆ ಜಾಸ್ತಿ, ಮಧ್ಯಾಹ್ನಕ್ಕೆ ಕಡಿಮೆ ಅಂತ ಬೇರೆ ಬೇರೆ ಅಳತೆ ಇಡಬಹುದು. ರಾತ್ರಿ ಚುಚ್ಚಿಕೊಂಡದ್ದನ್ನು ವಾಪಸ್ ತೆಗೆಯುವುದಕ್ಕೆ ಆಗುತ್ತಿತ್ತಾ?”

“1963ರಲ್ಲಿ ಲಾಸ್ ಏಂಜಲೀಸಿನ ಡಾಕ್ಟರ್ ಆರ್ನಲ್ಡ್ ಕ್ಯಾಡಿಶ್ ಮಾಡಿದ ಪಂಪನ್ನು ಬೆನ್ನಿಗೆ ಹೊರಬೇಕಿತ್ತು” ಎಂದರು ಮೇಷ್ಟ್ರು.

“ಅದನ್ನು ಉಡಿದಾರಕ್ಕೆ ಸಿಕ್ಕಿಸಿದ್ದರೆ ಇವನ ಪಂಚೆಯ ಗತಿ?” ಗಿರಿಗೆ ಅದೇ ಚಿಂತೆ. “ಹೋಗಲಿ, ಇನ್ನು ಮೇಲೆ ನೀನು ಆರಾಮ. ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ, ಅಲ್ವಾ?”

ಸೀನ ತೋಳು ತೋರಿಸಿದ. ಅಲ್ಲೊಂದು ಸೆನ್ಸರ್. ಐದು ನಿಮಿಷಕ್ಕೊಮ್ಮೆ ಸಕ್ಕರೆಯ ಸುದ್ದಿಯನ್ನು ಪಂಪಿಗೆ ಮುಟ್ಟಿಸುತ್ತದೆ. ಇಳಿಯುತ್ತಿದ್ದರೆ ಪಂಪು ಹನಿ ನಿಲ್ಲಿಸುತ್ತದೆ, ಏರುತ್ತಿದ್ದರೆ ಹೆಚ್ಚಿಸುತ್ತದೆ. “ಆದರೆ ಎಲೆಯಲ್ಲಿ ಏನು ಬಿತ್ತು ಅಂತ ಅದಕ್ಕೆ ಕನಸು ಬೀಳುತ್ತದಾ? ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಅಂತ ನಾನೇ ಹೇಳಬೇಕು. ನನಗೆ 10 ಗ್ರಾಮಿಗೆ ಒಂದು ಯೂನಿಟ್ ಇನ್ಸುಲಿನ್. ಹೋಳಿಗೆಗೆ 40 ಗ್ರಾಂ ಅಂತ ಅಂದಾಜು.”

“ನಾಲ್ಕು ಯೂನಿಟ್!” ಮೇಷ್ಟ್ರು ಬೆಂಚಿನ ತುದಿಗೆ ಬಂದರು. “ಎರಡು ತಿಂದರೆ ಎಂಟು. ಹೋಳಿಗೆಯ ಅಗಲ ಎಷ್ಟು? ತುಪ್ಪ?”

“ತುಪ್ಪ ಬಿದ್ದರೆ ಸಕ್ಕರೆ ತಡವಾಗಿ ಏರುತ್ತದೆ. ಬರೀ ಪಂಪು ಇದ್ದಾಗ ಅರ್ಧ ಈಗ, ಉಳಿದರ್ಧ ಎರಡು ಗಂಟೆಯಲ್ಲಿ ಮೆಲ್ಲಗೆ ಅಂತ ಹಾಕುತ್ತಿದ್ದೆ. ಈಗ ಸೆನ್ಸರ್ ಜೊತೆಗಿರುವುದರಿಂದ ಆಮೇಲಿನದನ್ನು ಅದೇ ಸಂಭಾಳಿಸುತ್ತದೆ.”

“ಕಂತಿನಲ್ಲಿ!” ಮೇಷ್ಟ್ರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಅವರಿಗೆ ಇಷ್ಟು ಖುಷಿಯಾದದ್ದನ್ನು ನಾನು ನೋಡಿರಲಿಲ್ಲ. ನನಗಂತೂ ಸೀನನ ಬದುಕಿನಲ್ಲಿ ಸೂಜಿ ಇಳಿದು ಗಣಿತ ಏರಿದಂತೆ ಕಂಡಿತು. ನಾನಾಗಿದ್ದರೆ ಸೂಜಿಯನ್ನೇ ಇಟ್ಟುಕೊಳ್ಳುತ್ತಿದ್ದೆ.

“ಕೆಟ್ಟುಹೋದರೆ?” ಎಂದೆ.

ಸೀನ ಸ್ವಲ್ಪ ಗಂಭೀರನಾದ. ಕೊಳವೆ ಬಾಗಿಲ ಚಿಲಕಕ್ಕೆ ಸಿಕ್ಕಿ ಎಳೆಯುತ್ತದಂತೆ. ನಳಿಕೆ ಮಡಚಿಕೊಂಡರೂ ಕಷ್ಟ. ಮೈಯಲ್ಲಿ ನಿಧಾನದ ಇನ್ಸುಲಿನ್ ದಾಸ್ತಾನು ಇಲ್ಲವಲ್ಲ, ಕೆಲವೇ ಗಂಟೆಯಲ್ಲಿ ಸಕ್ಕರೆ ಏರಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಕಾಣಿಸಿಕೊಂಡು ಆಸ್ಪತ್ರೆಗೆ ಓಡುವ ಹಾಗಾಗುತ್ತದೆ. ಅದಕ್ಕೇ ಚೀಲದಲ್ಲಿ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ ಯಾವಾಗಲೂ ಇರಬೇಕು. ಖರ್ಚು ಕೇಳಲೇಬೇಡಿ. ಪಂಪಿಗೆ ಲಕ್ಷಗಳ ಲೆಕ್ಕ, ಕೊಳವೆ, ಸೆನ್ಸರ್‌ಗೆ ತಿಂಗಳು ತಿಂಗಳೂ ಬೇರೆ.

“ಇದೆಲ್ಲ ಸಹಿಸಬಹುದು” ಎಂದ ಸೀನ. “ಸಹಿಸಲಾಗದ್ದು ಒಂದೇ. ಸಿರಿಂಜು ಪಾಪ, ಬಾಯಿಬಿಡುತ್ತಿರಲಿಲ್ಲ. ‘ಎಲ್ಲ ಸರಿಯಾಗಿದೆ ಡಾಕ್ಟ್ರೇ’ ಅಂದರೆ ಮುಗಿಯಿತು. ಇದು ಸೊಂಟದಲ್ಲಿ ಕೂತ ಶಾನುಭೋಗ. ಯಾವಾಗ ಒತ್ತಿದೆ, ಎಷ್ಟು ಒತ್ತಿದೆ, ಯಾವಾಗ ಒತ್ತಲಿಲ್ಲ, ಎಲ್ಲ ಬರೆದಿಟ್ಟಿರುತ್ತದೆ. ಹೋದ ಸಲ ಡಾಕ್ಟರು ಕಂಪ್ಯೂಟರ್ ನೋಡಿಕೊಂಡು, ‘ಮಂಗಳವಾರ ಸಂಜೆ ನಾಲ್ಕಕ್ಕೆ ಒಂದು ಗುಡ್ಡ ಇದೆಯಲ್ಲ, ಏನದು?’ ಅಂದರು.”

“ಏನದು?”

“ಮೈಸೂರು ಪಾಕು. ಇನ್ನೂ ಕೇಳು, ಸಕ್ಕರೆಯ ಗೆರೆ ನನ್ನ ಹೆಂಡತಿಯ ಫೋನಿನಲ್ಲೂ ಓಡುತ್ತದೆ. ತವರಲ್ಲಿ ಕೂತು ನನ್ನ ಊಟ ನೋಡುತ್ತಾಳೆ.”

ಗಿರಿ ದೀರ್ಘವಾಗಿ ಯೋಚಿಸಿದ. ಒಳಗೆ ಎಲೆ ಹಾಕುವ ಸದ್ದು ಕೇಳಿಸಿತು. ಎದ್ದವನೇ ಸೀನನ ಹೆಗಲ ಮೇಲೆ ಕೈಹಾಕಿದ.

“ಒಂದು ಉಪಾಯ ಇದೆ ಕಣೋ. ನನ್ನ ಪಕ್ಕದಲ್ಲೇ ಕೂತ್ಕೊ. ಹೋಳಿಗೆ ನಿನ್ನ ಎಲೆಗೆ ಒಂದೇ ಹಾಕಿಸಿಕೊ. ಮಿಕ್ಕಿದ್ದು ನನ್ನ ಎಲೆಗೆ. ಅದರಿಂದ ನೀನು ಮೆಲ್ಲಗೆ ತೆಗೆದುಕೊಂಡರೆ ಲೆಕ್ಕಕ್ಕೇ ಬರುವುದಿಲ್ಲ.”

“ಗಿರಿ, ಸೆನ್ಸರ್ ಇರುವುದು ನನ್ನ ತೋಳಿನಲ್ಲಿ. ಎಲೆಯಲ್ಲಲ್ಲ.”

“ಹಾಗಾದರೆ ಮಿಕ್ಕಿದ್ದು ನಾನೇ ತಿನ್ನುತ್ತೇನೆ ಬಿಡು” ಎಂದು ಗಿರಿ ಎಲ್ಲರಿಗಿಂತ ಮುಂದೆ ಹೊರಟ.