ರಾಯರ ಶಾಲು ಮತ್ತು ಅಸಲಿ ಫ್ಲಾಮೆಂಕೊ

"ಅಸಲಿ ಫ್ಲಾಮೆಂಕೊ ನೋಡಬೇಕಾದರೆ ಸೆವಿಲ್ ನಗರಕ್ಕೇ ಹೋಗಬೇಕು, ಉಳಿದದ್ದೆಲ್ಲ ಕಲಬೆರಕೆ" ಎಂದು ರಾಯರು ತೀರ್ಪು ಕೊಟ್ಟ ಕೂಡಲೇ, ಯಾರು ಯಾವ ತೀರ್ಪು ಕೊಟ್ಟರೂ ಅದರ ಮೇಲೆ ಮೇಲ್ಮನವಿ ಹೂಡುವುದಕ್ಕೆಂದೇ ಹುಟ್ಟಿರುವ ನಮ್ಮ ವಕೀಲರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಪತ್ನೀಕರಾಗಿ ಸ್ಪೇನ್ ದೇಶದ ದಕ್ಷಿಣ ಭಾಗವೂ, ಹಾಡು, ಗಿಟಾರು, ಕುಣಿತ ಮೂರೂ ಸೇರಿದ ಫ್ಲಾಮೆಂಕೊ ಕಲೆಯ ತವರೂ ಆದ ಆಂಡಲೂಸಿಯಾವನ್ನು ಸುತ್ತಿ ಬಂದವರು. ಬರುವಾಗ ಒಂದು ಕಸೂತಿ ಶಾಲನ್ನೂ, ಕೈಯಲ್ಲಿ ಹಿಡಿದು ಬಡಿಯುವ ಮರದ ತಾಳಗಳಾದ ಒಂದು ಜೊತೆ ಕ್ಯಾಸ್ಟನೆಟ್‌ಗಳನ್ನೂ, ಒಂದು ಮೂಟೆ ಅಭಿಪ್ರಾಯಗಳನ್ನೂ ಹೊತ್ತು ತಂದಿದ್ದರು. ಮೂರನೆಯದನ್ನು ವಿಮಾನ ನಿಲ್ದಾಣದಲ್ಲಿ ತೂಕಕ್ಕೆ ಹಾಕಲಿಲ್ಲವೆಂಬುದು ಅವರ ಅದೃಷ್ಟ.

ಮೊದಲು ಕ್ಯಾಸ್ಟನೆಟ್‌ಗಳ ವಿಚಾರಣೆ ನಡೆಯಿತು. ಅವು ಮುಖ್ಯವಾಗಿ ಬೊಲೆರಾ ಎಂಬ ಬೇರೊಂದು ಸ್ಪ್ಯಾನಿಷ್ ನೃತ್ಯಪರಂಪರೆಯ ಸೊತ್ತೆಂದೂ, ಫ್ಲಾಮೆಂಕೊ ವೇದಿಕೆಗೆ ಅಲ್ಲಿಂದ ಬಂದು ಸೇರಿಕೊಂಡವೆಂದೂ, ಸೊಲೆಯಾ ಎಂಬಂತಹ ಗಂಭೀರ ಪ್ರಕಾರದಲ್ಲಿ ನರ್ತಕಿ ಬರಿಗೈಯಲ್ಲಿ ಚಿಟಿಕೆ ಹೊಡೆಯುವುದನ್ನೇ ಹಳಬರು ಮೆಚ್ಚುತ್ತಾರೆಂದೂ ವಕೀಲರು ವಾದಿಸಿದರು. "ಶಾಲಾದರೂ ಅಸಲಿ ತಾನೆ?" ಎಂದು ರಾಯರು ಅದನ್ನು ಹರಡಿದರು. ವಕೀಲರು ಅಂಚನ್ನು ಮಗುಚಿ ನೋಡಿದಾಗ ಹೊಲಿಗೆಯ ಪಕ್ಕದಲ್ಲಿ ಒಂದು ಪುಟ್ಟ ಚೀಟಿ ಕಾಣಿಸಿತು. ಚೀನಾದಲ್ಲಿ ತಯಾರಾದದ್ದು ಎಂದು ಅದರಲ್ಲಿ ಅಚ್ಚಾಗಿತ್ತು. ರಾಯರ ಮುಖ ಬಾಡಿತು.

"ಬೇಸರ ಪಟ್ಟುಕೊಳ್ಳಬೇಡಿ ರಾಯರೇ, ನೀವು ತಂದ ಸಾಮಾನುಗಳಲ್ಲಿ ಸಂಪ್ರದಾಯಕ್ಕೆ ಅತ್ಯಂತ ನಿಷ್ಠವಾದದ್ದು ಈ ಚೀಟಿಯೇ" ಎಂದು ವಕೀಲರು ಸಮಾಧಾನ ಹೇಳಿದರು. ಮನಿಲಾ ಶಾಲು ಎಂದು ಸ್ಪೇನಿನವರು ಕರೆಯುವ ಈ ರೇಷ್ಮೆಯ ಕಸೂತಿ ಬಟ್ಟೆ ಮೂಲತಃ ಚೀನಾದ ನೇಕಾರರ ಕೈಕೆಲಸ. ಅದು ಫಿಲಿಪ್ಪೀನ್ಸಿನ ಮನಿಲಾ ಬಂದರಿನಲ್ಲಿ ಹಡಗು ಹತ್ತಿ, ಮೆಕ್ಸಿಕೊ ದಾಟಿ, ಸೆವಿಲ್ ತಲುಪಿ, ಅಲ್ಲಿನ ಹೆಂಗಸರ ಹೆಗಲೇರಿ, ಕೊನೆಗೆ ನರ್ತಕಿಯರ ಕೈಯಲ್ಲಿ ಸುತ್ತತೊಡಗಿತು. ರಾಯರು ಚೀಟಿಯನ್ನು ಕತ್ತರಿಸುವ ಆಲೋಚನೆ ಕೈಬಿಟ್ಟರು.

"ನೃತ್ಯ ನೋಡಲು ದುಡ್ಡು ಕೊಟ್ಟು ಹೋದರೆ, ಮೊದಲು ಒಬ್ಬ ಮನುಷ್ಯ ಕುರ್ಚಿಯ ಮೇಲೆ ಕುಳಿತು ಕಣ್ಣು ಮುಚ್ಚಿ ನರಳಿದ" ಎಂಬುದು ರಾಯರ ಮುಂದಿನ ದೂರು. ಅವರ ಪತ್ನಿ ಶಾರದಮ್ಮನವರು ಕಾಫಿಯ ಲೋಟಗಳನ್ನು ಇಡುತ್ತಾ, "ಇವರು ಪಾಪ ಅವನಿಗೆ ಗಂಟಲಿನ ಮಾತ್ರೆ ಕೊಡುತ್ತೇನೆಂದು ಎದ್ದೇಬಿಟ್ಟಿದ್ದರು, ನಾನು ಅಂಗಿ ಹಿಡಿದು ಕೂರಿಸಿದೆ" ಎಂದು ಗುಟ್ಟು ಬಿಚ್ಚಿದರು. ಆ ನರಳಾಟವೇ ಫ್ಲಾಮೆಂಕೊವಿನ ಬೇರು, ಅದಕ್ಕೆ ಕಾಂತೆ ಎನ್ನುತ್ತಾರೆ, ಗಿಟಾರೂ ಕಾಲ್ಗೆಜ್ಜೆಯಿಲ್ಲದ ಆ ಕಾಲ್ಕುಣಿತವೂ ಅದರ ಹಿಂದಿನಿಂದ ಬಂದವು ಎಂದು ನಾನು ಸೇರಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ ಫಿಯೊ ಎಂಬ ಗಾಯಕನ ಒಡಕು ಕಂಠ ಎಷ್ಟು ಪ್ರಸಿದ್ಧವಾಯಿತೆಂದರೆ, ಆ ಬಗೆಯ ಸ್ವರಕ್ಕೆ ಇಂದಿಗೂ ಅವನದೇ ಹೆಸರು. ರಾಯರ ಮಾತ್ರೆ ನುಂಗಿದ್ದರೆ ಆ ಕುರ್ಚಿಯ ಗಾಯಕನ ಹೊಟ್ಟೆಪಾಡಿಗೇ ಸಂಚಕಾರ ಬರುತ್ತಿತ್ತು.

"ಆದರೆ ನಮ್ಮ ಮಾರ್ಗದರ್ಶಿ ದುಯೆಂದೆ ಎಂಬ ಒಂದು ಆವೇಶದ ಬಗ್ಗೆ ಹೇಳಿದ, ಸ್ಪೇನಿನ ಕವಿ ಲೋರ್ಕಾ 1933ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅದರ ಮೇಲೆ ಉಪನ್ಯಾಸವನ್ನೇ ಕೊಟ್ಟಿದ್ದನಂತೆ" ಎಂದು ರಾಯರು ಮಾತು ತಿರುಗಿಸಿದರು. "ಅದು ಕರೆದಾಗ ಬರುವುದಲ್ಲ, ತಾನಾಗಿ ಬರಬೇಕೆಂದೂ ಅವನೇ ಹೇಳಿದ, ಹಾಗಿದ್ದ ಮೇಲೆ ಸಂಜೆಯ ಆಟಕ್ಕೂ ರಾತ್ರಿಯ ಆಟಕ್ಕೂ ಅದು ತಪ್ಪದೆ ಹಾಜರಾಗುವುದು ಹೇಗೆಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ" ಎಂದರು ಶಾರದಮ್ಮನವರು.

ಅಲ್ಲಿಯವರೆಗೆ ಮೌನವಾಗಿದ್ದ ಮೃದಂಗದ ಶಾಸ್ತ್ರಿಗಳು ಲೋಟ ಕೆಳಗಿಟ್ಟರು. ಅವರಿಗೆ ಶಾಲೂ ಬೇಡ, ಆವೇಶವೂ ಬೇಡ. ರಾಯರು ಮೊಬೈಲಿನಲ್ಲಿ ಹಿಡಿದು ತಂದಿದ್ದ ಸೊಲೆಯಾದ ತುಣುಕನ್ನು ಕೇಳಿದಾಗಿನಿಂದ ಅವರಿಗೆ ಲೆಕ್ಕದ ಚಿಂತೆ ಹತ್ತಿತ್ತು. "ಹನ್ನೆರಡು ಎಣಿಕೆಯ ಆವರ್ತ, ಒಪ್ಪಿದೆ. ಆದರೆ ನಮ್ಮಲ್ಲಿ ಮೊದಲನೆಯ ಎಣಿಕೆಯೇ ಸಮ. ಎಷ್ಟು ಸುತ್ತಾಡಿದರೂ ಅಲ್ಲಿಗೆ ಬಂದು ಮುಟ್ಟಬೇಕು. ಇವರು ಒಂದನ್ನು ಕೇಳುವವರಿಲ್ಲದಂತೆ ಬಿಟ್ಟು, 3, 6, 8, 10, 12ಕ್ಕೆ ಒತ್ತು ಕೊಡುತ್ತಾರೆ. ಅಂದರೆ ಮೂರರ ಗುಂಪು ಎರಡು, ಎರಡರ ಗುಂಪು ಮೂರು, ಒತ್ತೆಲ್ಲ ಗುಂಪಿನ ಬಾಲಕ್ಕೆ!" ಎಂದು ಮೊಣಕಾಲಿನ ಮೇಲೆ ತಟ್ಟಿ ತೋರಿಸಿದರು. ವಾಕ್ಯ ಹತ್ತನೆಯ ಎಣಿಕೆಗೆ ಟಪ್ಪನೆ ಮುಗಿಯುತ್ತದೆ. ಹನ್ನೊಂದು, ಹನ್ನೆರಡು ಉಸಿರಾಡುವುದಕ್ಕೆ. ನಾವೆಲ್ಲ ಜೊತೆಗೂಡಿ ತಟ್ಟಿದೆವು. ಹತ್ತಕ್ಕೆ ನಿಲ್ಲಬೇಕಾದ ರಾಯರು ಪ್ರತಿ ಸಲವೂ ಹನ್ನೊಂದಕ್ಕೆ ನಿಂತು, ಉಳಿದವರು ಒಂದು ಎಣಿಕೆ ಮೊದಲೇ ಬರುತ್ತಿದ್ದಾರೆಂದು ಆಕ್ಷೇಪಿಸಿದರು.

ಇದೇ ಚಕ್ರವನ್ನು ವೇಗ ಹೆಚ್ಚಿಸಿ ಹನ್ನೆರಡರಿಂದ ಶುರು ಮಾಡಿದರೆ ಹೆರೆಸ್ ಊರಿನವರ ಪ್ರಾಣವಾದ ಬುಲೆರಿಯಾ ಆಗುತ್ತದೆ. ಎಂಟರಿಂದ ಶುರು ಮಾಡಿ ನಿಧಾನಕ್ಕೆ ಎಳೆದರೆ ಸಾವುನೋವಿನ ಹಾಡಾದ ಸೆಗಿರಿಯಾ ಆಗುತ್ತದೆ ಎಂದು ನಾನು ಹೇಳಿದ್ದೇ ತಡ, ಶಾಸ್ತ್ರಿಗಳು ಎರಡನ್ನೂ ತಟ್ಟಿ ನೋಡಿ, ಬಹಳ ಹೊತ್ತು ತಲೆದೂಗಿದರು. ಅಲ್ಲಿ ಚಪ್ಪಾಳೆಯೂ ಒಂದು ವಾದ್ಯ. ಅಂಗೈಗಳನ್ನು ಬಟ್ಟಲಿನಂತೆ ಬಾಗಿಸಿ ತಟ್ಟುವ ಮಂದ ಚಪ್ಪಾಳೆ ಗಾಯಕ ಹಾಡುವಾಗ, ಬೆರಳುಗಳನ್ನು ಅಂಗೈಗೆ ಬಡಿಯುವ ಚುರುಕು ಚಪ್ಪಾಳೆ ಪಾದಗಳು ಬಿರುಸಾದಾಗ. ಅದಕ್ಕೆಂದೇ ಸಂಬಳ ಪಡೆಯುವ ಕಲಾವಿದರು ವೇದಿಕೆಯ ಮೇಲಿರುತ್ತಾರೆ. "ಅದಕ್ಕೇ ಇರಬೇಕು, ಇವರು ಉತ್ಸಾಹದಿಂದ ತಟ್ಟಿದಾಗ ಗಿಟಾರಿನವನು ಇವರನ್ನೇ ದುರುಗುಟ್ಟಿ ನೋಡಿದ" ಎಂದರು ಶಾರದಮ್ಮನವರು. "ಮೆಚ್ಚಿ ನೋಡಿದ" ಎಂದು ರಾಯರು ತಿದ್ದಿದರು.

ಸೋತ ರಾಯರು ಕೊನೆಯ ಅಸ್ತ್ರವನ್ನು ತೆಗೆದರು. "ಏನೇ ಹೇಳಿ, ಅದೆಲ್ಲ ಇಲ್ಲಿಂದಲೇ ಹೋದದ್ದು. ಅದನ್ನು ಹಾಡಿ ಕುಣಿಯುವ ಜಿಪ್ಸಿಗಳು ಭಾರತದವರು, ಕಥಕ್‌ಗೆ ಗೆಜ್ಜೆ ಬಿಚ್ಚಿ ಬೂಟು ತೊಡಿಸಿದರೆ ಫ್ಲಾಮೆಂಕೊ." ವಕೀಲರು ಇದಕ್ಕಾಗಿಯೇ ಕಾಯುತ್ತಿದ್ದವರಂತೆ ಅರ್ಧ ಒಪ್ಪಿದರು. ಸ್ಪೇನಿನಲ್ಲಿ ಹಿತಾನೊ ಎಂದು ಕರೆಸಿಕೊಳ್ಳುವ ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ; 1425ರಲ್ಲಿ ಅರಗಾನ್ ದೊರೆ ಐದನೆಯ ಅಲ್ಫೋನ್ಸೊ ಕೊಟ್ಟ ರಹದಾರಿ ಪತ್ರದಲ್ಲಿ ಅವರು ಸ್ಪೇನಿನ ದಾಖಲೆಗೆ ಸಿಗುತ್ತಾರೆ. "ಆದರೆ ಕಥಕ್ ಇಂದಿನ ರೂಪಕ್ಕೆ ಬಂದದ್ದು ಅವರು ಹೊರಟು ಎಷ್ಟೋ ಶತಮಾನಗಳಾದ ಮೇಲೆ. ಅದೂ ಅಲ್ಲದೆ, ಅವರು ಹಂಗೇರಿಗೂ ಹೋದರು, ರಷ್ಯಾಕ್ಕೂ ಹೋದರು. ಅಲ್ಲೆಲ್ಲೂ ಹುಟ್ಟದ ಫ್ಲಾಮೆಂಕೊ ತ್ರಿಯಾನಾ, ಕಾದಿಸ್, ಹೆರೆಸ್‌ಗಳಲ್ಲೇ ಏಕೆ ಹುಟ್ಟಿತು? ಆ ನೆಲದಲ್ಲಿ ಮೂರ್ ಎಂಬ ಮುಸ್ಲಿಮರ ಹಾಗೂ ಯಹೂದಿಯರ ನೆನಪಿತ್ತು, ಹಳ್ಳಿಗರ ಫಂದಾಂಗೊ ಕುಣಿತ ಇತ್ತು, ಬಂದರಿಗೆ ಬರುತ್ತಿದ್ದ ಆಫ್ರಿಕನ್ನರ, ಅಮೆರಿಕದವರ ಕುಣಿತವಿತ್ತು. ಕಕ್ಷಿದಾರರು ಬಹಳ ಜನ ರಾಯರೇ, ಆಸ್ತಿ ಒಬ್ಬರ ಹೆಸರಿಗೆ ಆಗುವುದಿಲ್ಲ."

ಇಲ್ಲಿ ನಗೆ ಸ್ವಲ್ಪ ನಿಂತಿತು. ರಹದಾರಿ ಕೊಟ್ಟ ನೆಲವೇ ಮುಂದೆ ಅವರ ಮೇಲೆ ಕಾನೂನಿನ ಮೇಲೆ ಕಾನೂನು ಹೇರಿತು. 1749ರ ಜುಲೈ 30ರಂದು ಆರನೆಯ ಫರ್ನಾಂಡೊ ದೊರೆಯ ಮಂತ್ರಿ ಎನ್ಸೆನಾಡಾ ದೇಶದ ಹಿತಾನೊಗಳನ್ನೆಲ್ಲ ಏಕಕಾಲಕ್ಕೆ ಬಂಧಿಸಲು ಹೊರಡಿಸಿದ ಆಜ್ಞೆ ಜಾರಿಯಾಗತೊಡಗಿ, ಸಾವಿರಾರು ಜನ ಸಿಕ್ಕಿಬಿದ್ದರು. ಗಂಡಸರನ್ನು ಕಾದಿಸ್, ಕಾರ್ತಹೇನಾಗಳ ನೌಕಾಂಗಣಗಳಲ್ಲಿ ದುಡಿಯಲು ಕಳುಹಿಸಿ, ಹೆಂಗಸರನ್ನೂ ಮಕ್ಕಳನ್ನೂ ಬೇರೆಡೆ ಕೂಡಿಹಾಕಿದರು. ಎಲ್ಲರ ಬಿಡುಗಡೆಗೆ ಹತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಗಿಟಾರೂ ಇಲ್ಲದೆ, ಕಮ್ಮಾರನ ಅಡಿಗಲ್ಲಿನ ಮೇಲೆ ಸುತ್ತಿಗೆ ಬೀಳುವ ಸದ್ದನ್ನಷ್ಟೇ ನೆಚ್ಚಿ ಹಾಡುವ ಮಾರ್ತಿನೇತೆಯಲ್ಲಿ ಸೆರೆಮನೆ, ಸರಪಳಿ, ತಾಯಿ ಮತ್ತೆ ಮತ್ತೆ ಬರುತ್ತಾರೆ. ಶಾಸ್ತ್ರಿಗಳು ಅದೊಂದನ್ನು ಕೇಳಬೇಕೆಂದರು. ರಾಯರ ಮೊಬೈಲಿನಲ್ಲಿ ಅದು ಇರಲಿಲ್ಲ, ಬದಲಿಗೆ ಅಲ್ಲಿನ ಊಟದ ತಟ್ಟೆಗಳ ಚಿತ್ರಗಳು ಒಂದರ ಹಿಂದೊಂದು ಬಂದವು.

"ಹಾಗಾದರೆ ಅಸಲಿ ಎಂಬುದು ಎಂದಾದರೂ ಇತ್ತೆ?" ಎಂದು ಶಾರದಮ್ಮನವರು ಕೇಳಿದ ಪ್ರಶ್ನೆಯೇ ನನ್ನ ಮಟ್ಟಿಗೆ ಆ ಸಂಜೆಯ ಸಾರ, ಏಕೆಂದರೆ ಫ್ಲಾಮೆಂಕೊ ಹಾಳಾಯಿತೆಂಬ ಕೂಗಿನ ಚರಿತ್ರೆ ಫ್ಲಾಮೆಂಕೊ ಚರಿತ್ರೆಯಷ್ಟೇ ಸ್ವಾರಸ್ಯವಾದದ್ದು. 1881ರಲ್ಲಿ ದೆಮೋಫಿಲೊ ಎಂಬ ಕಾವ್ಯನಾಮದ ವಿದ್ವಾಂಸ ಅಂತೋನಿಯೊ ಮಚಾದೊ ಇ ಆಲ್ವಾರೆಸ್ ಈ ಹಾಡುಗಳ ಮೊದಲ ದೊಡ್ಡ ಸಂಗ್ರಹ ಹೊರತಂದು, ಹಾಡಿನ ಕಾಫಿಖಾನೆಗಳು ಹಿತಾನೊಗಳ ಗಾಯನವನ್ನು ಕೊಂದುಹಾಕುತ್ತವೆ ಎಂದು ಮರುಗಿದ. ಆದರೆ ಅದೇ ಪುಸ್ತಕದಲ್ಲಿ ಸಿಲ್ವೇರಿಯೊ ಫ್ರಾಂಕೊನೆತ್ತಿ ಹಾಡುತ್ತಿದ್ದ ಪದ್ಯಗಳನ್ನು ಪ್ರತ್ಯೇಕವಾಗಿ, ಗೌರವದಿಂದ ಅಚ್ಚು ಹಾಕಿದ. ಈ ಸಿಲ್ವೇರಿಯೊ ಇಟಲಿ ಮೂಲದ ತಂದೆಯ ಮಗ, ಹಿತಾನೊ ಅಲ್ಲ. ಸೆವಿಲ್‌ನಲ್ಲಿ ಅಂತಹ ಕಾಫಿಖಾನೆಯ ಮಾಲೀಕನೂ ಅವನೇ!

"ಕೊಲೆಗಾರನ ಹೇಳಿಕೆಯನ್ನೇ ಮರಣೋತ್ತರ ವರದಿಗೆ ಲಗತ್ತಿಸಿದಂತಾಯಿತು" ಎಂದು ವಕೀಲರು ಚಪ್ಪರಿಸಿದರು.

ವರ್ಷಗಳು ಕಳೆದಂತೆ ಆ ಕಾಫಿಖಾನೆಗಳ ಕಾಲವೇ ಸುವರ್ಣಯುಗವೆನಿಸಿತು. ಈಗ ಹಾಳಾಗುತ್ತಿರುವುದು ನಾಟಕಶಾಲೆಗಳಿಂದ ಎಂದಾಯಿತು. ಸಂಗೀತಕಾರ ಮಾನುವೆಲ್ ದೆ ಫಾಯಾ, ಆಗಿನ್ನೂ ಇಪ್ಪತ್ನಾಲ್ಕರ ತರುಣನಾಗಿದ್ದ ಲೋರ್ಕಾ ಮೊದಲಾದವರು ಸೇರಿ 1922ರ ಜೂನ್ 13 ಮತ್ತು 14ರಂದು ಗ್ರನಾಡಾದ ಅಲ್‌ಹಂಬ್ರಾ ಕೋಟೆಯಲ್ಲಿ ಗಾಯನಸ್ಪರ್ಧೆ ನಡೆಸಿದರು. ಕಾಸಿಗೆ ಹಾಡುವ ವೃತ್ತಿಪರರಿಗೆ ಪ್ರವೇಶವಿಲ್ಲ. ತೀರ್ಪುಗಾರರ ಪೀಠದಲ್ಲಿ ಮಾತ್ರ ವೃತ್ತಿಪರರಲ್ಲೇ ಹೆಸರಾಂತರಾದ ಅಂತೋನಿಯೊ ಚಕೋನ್! ಎರಡನೆಯ ರಾತ್ರಿ ಮಳೆ ಬಂತು. ಗೆದ್ದವರಲ್ಲಿ ಒಬ್ಬ ಎಪ್ಪತ್ತರ ಆಸುಪಾಸಿನ ಎಲ್ ತೆನಾಸಾಸ್, ಸ್ಪರ್ಧೆಗಾಗಿ ಊರಿನಿಂದ ನಡೆದೇ ಬಂದನೆಂದು ಕಥೆ ಹಬ್ಬಿದೆ. ಇನ್ನೊಬ್ಬ ಹನ್ನೆರಡರ ಸುಮಾರಿನ ಹುಡುಗ. ಶುದ್ಧತೆಯ ಭವಿಷ್ಯವೆಂದು ಎಲ್ಲರೂ ಬೆನ್ನು ತಟ್ಟಿದ ಆ ಹುಡುಗ ಮನೋಲೊ ಕರಾಕೋಲ್ ದೊಡ್ಡವನಾಗಿ, 1940ರ ದಶಕದಲ್ಲಿ ಗಾಯಕಿ, ನರ್ತಕಿ ಲೋಲಾ ಫ್ಲೋರೆಸ್ ಜೊತೆಗೂಡಿ, ವಾದ್ಯವೃಂದವನ್ನಿಟ್ಟುಕೊಂಡು, ನಾಟಕಶಾಲೆಗಳನ್ನೇ ಕಿಕ್ಕಿರಿದು ತುಂಬಿಸಿದ. ನಾನು ಇದನ್ನು ಹೇಳಿದಾಗ ಶಾಸ್ತ್ರಿಗಳೂ ನಕ್ಕರು. ಅವರ ಒಬ್ಬ ಶಿಷ್ಯ ಸಿನಿಮಾ ವಾದ್ಯವೃಂದ ಸೇರಿರುವ ಸಂಗತಿ ನಮಗೆಲ್ಲ ಗೊತ್ತಿದ್ದುದರಿಂದ ಯಾರೂ ಅವರ ಮುಖ ನೋಡಲಿಲ್ಲ.

ಆಮೇಲಿನದನ್ನು ವಕೀಲರೇ ಬೇಗ ಮುಗಿಸಿದರು. 1970ರ ದಶಕದಲ್ಲಿ ಪೆರುವಿಗೆ ಹೋಗಿದ್ದ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅಲ್ಲಿನ ಕಪ್ಪು ಜನರ ಕಹೋನ್ ಎಂಬ ಮರದ ಪೆಟ್ಟಿಗೆಯನ್ನು ತಂದ; ರಾಯರ ಚಿತ್ರದಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಅದರ ಮುಖಕ್ಕೆ ಬಡಿಯುತ್ತಿರುವ ಯುವಕನನ್ನು ಅವರು "ಪ್ರಾಚೀನ ವಾದ್ಯ" ಎಂಬ ಶೀರ್ಷಿಕೆಯಡಿ ಇಟ್ಟಿದ್ದರು. 1979ರಲ್ಲಿ ಗಾಯಕ ಕಮರೋನ್ ದೆ ಲಾ ಇಸ್ಲಾ ಲೋರ್ಕಾನ ಕವಿತೆಗಳಿಗೆ ವಿದ್ಯುತ್ ಗಿಟಾರ್, ಡ್ರಮ್ಸ್, ಸಿತಾರ್ ಸೇರಿಸಿ ಧ್ವನಿಮುದ್ರಿಕೆ ತಂದಾಗ, ಇದು ಕಮರೋನನೇ ಅಲ್ಲವೆಂದು ಕೊಂಡವರು ಅಂಗಡಿಗೆ ಹಿಂದಿರುಗಿಸಿದರಂತೆ. 1992ರಲ್ಲಿ ಅವನು ತೀರಿಕೊಂಡ. ಅಂಗಡಿಗೆ ವಾಪಸಾಗಿದ್ದ ಅದೇ ಮುದ್ರಿಕೆಯನ್ನು ಈಗ ಒಂದು ಮೈಲಿಗಲ್ಲು ಎನ್ನುತ್ತಾರೆ. 2010ರಲ್ಲಿ ಯುನೆಸ್ಕೊ ಫ್ಲಾಮೆಂಕೊವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಯಾವ ಕಾಲದ ಫ್ಲಾಮೆಂಕೊ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಕೊನೆಗೆ ವಕೀಲರು ತಮ್ಮ ಮೊಬೈಲಿನಲ್ಲಿ ಬಾರ್ಸಿಲೋನಾ ಕಡೆಯ ಗಾಯಕಿ ರೊಸಾಲಿಯಾ ಸಂಗೀತ ಮಹಾವಿದ್ಯಾಲಯದ ಯೋಜನೆಯಾಗಿ ಆರಂಭಿಸಿ, 2018ರಲ್ಲಿ ಹೊರತಂದು ಲೋಕಪ್ರಸಿದ್ಧಿ ಪಡೆದ ಮುದ್ರಿಕೆಯಿಂದ ಒಂದು ಹಾಡು ಹಾಕಿದರು; ಗಣಕಯಂತ್ರದ ತಾಳ, ನಡುವೆ ಖಚಿತವಾದ ಆ ಹನ್ನೆರಡರ ಚಪ್ಪಾಳೆ. ಶಾಸ್ತ್ರಿಗಳು ಕಣ್ಣು ಮುಚ್ಚಿ, ತಪ್ಪದೆ ಹತ್ತಕ್ಕೆ ನಿಲ್ಲುತ್ತಾ ಪೂರ್ತಿ ಕೇಳಿದರು. ಹಾಡು ಮುಗಿದ ಮೇಲೆ ಅವರು ಎದ್ದು ಉತ್ತರೀಯ ಕೊಡವಿಕೊಂಡು, "ಲೆಕ್ಕವೇನೋ ಸರಿಯಾಗಿದೆ, ಆದರೆ ಇದು ಫ್ಲಾಮೆಂಕೊ ಅಲ್ಲ. ಹುಡುಗಿಯರಿಗೆ ಏನು ಗೊತ್ತು? ಫ್ಲಾಮೆಂಕೊ ಅಂದರೆ ಅದು ಕಮರೋನನ ಕಾಲಕ್ಕೇ ಮುಗಿಯಿತು" ಎಂದರು.