ಹಳೇ ಆಟೋಮ್ಯಾಟಿಕ್ ಕಾರ್: 70ರ ವೇಗದಾಗ ನಡುಕ, ಲಾಕಪ್ ಇರಬಹುದಾ?

ಪ್ರಶ್ನೆ: ಹುಬ್ಬಳ್ಳಿ–ಹಾವೇರಿ ಹೈವೇದಾಗ ಒಂದೇ ವೇಗದಾಗ ಹೊಂಟಾಗ ಗಾಡಿ ಗಡಗಡ ನಡಗತೈತಿ. ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ಕೊಡೂ ಭಾಗ) ಒಳಗಿನ ಲಾಕಪ್ಪೋ (ಎರಡನ್ನೂ ಸೀದಾ ಕೂಡಸೂ ಕ್ಲಚ್), ಇಂಜಿನ್ನೋ, ಹೆಂಗ ತಿಳೀಬೇಕ್ರಿ?

ಉತ್ತರ 1: ಖಾಲಿ ರಸ್ತೆದಾಗ ಎಕ್ಸಿಲರೇಟರ್ ಬಿಡದ, ಎಡಗಾಲಿಂದ ಬ್ರೇಕ್ ಪೆಡಲ್‌ನ, ಬ್ರೇಕ್ ಲೈಟ್ ಹತ್ತೋವಷ್ಟೇ ಮುಟ್ರಿ. ಲಾಕಪ್ ಹಿಡಸೂ ಸೊಲೆನಾಯ್ಡಿನ (ಕರೆಂಟಿನ ವಾಲ್ವ್) 12 ವೋಲ್ಟ್ ಕಡದು ಲಾಕಪ್ ಬಿಡತೈತಿ, ಆರ್‌ಪಿಎಂ ಸ್ವಲ್ಪ ಏರತೈತಿ. ನಡುಕ ನಿಂತ್ರ ಲಾಕಪ್ ಮ್ಯಾಲೆ ಸಂಶಯ. ಕ್ರೈಸ್ಲರಿನ 1978ರ ಲಾಕಪ್ ಪೂರ್ತಿ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದಷ್ಟೇ ನಡೆಯೂದು), ಅದಕ್ಕ ಈ ಪರೀಕ್ಷೆ ನಡೆಯೂದಿಲ್ಲ.

ಉತ್ತರ 2: ಅಷ್ಟಕ್ಕೇ ಗೇರ್‌ಬಾಕ್ಸ್ ಇಳಸಬ್ಯಾಡ್ರಿ! ಲಾಕಪ್ ಬಿಟ್ಟಾಗ ಇಂಜಿನ್ನಿನ ಜರ್ಕ್ ಆಯಿಲೇ ನುಂಗತೈತಿ. ಹಿಡದಾಗ ಆಯಿಲ್ ಒತ್ತಡ ಕ್ಲಚ್ ಪಿಸ್ಟನ್ನ ಕನ್ವರ್ಟರ್ ಕವರಿಗೆ ಒತ್ತಿ, ಇಂಜಿನ್ನೂ ಗೇರ್‌ಬಾಕ್ಸೂ ಸೀದಾ ಕೂಡತಾವ. ಆಗ ಮಿಸ್‌ಫೈರ್ (ಸಿಲಿಂಡರಿನಾಗ ಪೆಟ್ರೋಲ್ ಸರಿ ಹತ್ತದಿರೂದು) ನೇರ ಗಾಡಿಗೆ ಬಡೀತೈತಿ. ಮೊದ್ಲು ಪ್ಲಗ್, ವೈರ್ ನೋಡ್ರಿ. ಆಮ್ಯಾಲೆ ಆಯಿಲ್: ಕಪ್ಪಾಗಿ ಸುಟ್ಟ ವಾಸನೆ ಬಂದ್ರ ಕ್ಲಚ್ ಲೈನಿಂಗ್ ಸವದಿರಬಹುದು.

ಉತ್ತರ 3: ಸಿಗ್ನಲ್‌ದಾಗ ನಿಂತ ಕೂಡ್ಲೇ ಇಂಜಿನ್ ಬಂದಾದ್ರ ಲಾಕಪ್ ಬಿಡವಲ್ದು ಅಂತ ಸಂಶಯ. ಸೊಲೆನಾಯ್ಡ್, ಲಾಕಪ್ ವಾಲ್ವ್ ಅಂಟಿಕೊಂಡಾವೇನು ನೋಡ್ರಿ.